ಸಕ್ಕರೆ ಸೇರಿಸದ ಡಬ್ಬಿ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ದೀಪಾವಳಿ ಮುಗಿಯಲಿ ಎಂದೆ. ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೋಡೋಣ, ಬರೆಯಲಿಕ್ಕೆ ಕಣ್ಣು ಬೇಕಲ್ಲ ಎಂದೆ. ಪೊರೆ ತೆಗೆಸಿ ಎಂಟು ತಿಂಗಳಾಯಿತು. ಈಗ ಪಂಚಾಂಗದ ಸಣ್ಣ ಅಕ್ಷರವೂ ಕಾಣುತ್ತದೆ; ನೆಪಗಳು ಮಾತ್ರ ಮುಗಿದುಹೋಗಿವೆ.

ಮೊನ್ನೆ ಅಂಗಿಗೆ ಗುಂಡಿ ಹುಡುಕುತ್ತ ಕಪಾಟಿನ ಮೇಲಿದ್ದ ತಗಡಿನ ಡಬ್ಬಿ ಇಳಿಸಿದೆ. ನನ್ನ ಹೆಂಡತಿ ಅದರಲ್ಲಿ ಸೂಜಿ, ದಾರ, ಗುಂಡಿ ಇಟ್ಟುಕೊಂಡಿದ್ದಾಳೆ. ನಮ್ಮ ಕಡೆ ಯಾವ ಡಬ್ಬಿಯನ್ನೂ ಬಿಸಾಕುವುದಿಲ್ಲ. ಮುಚ್ಚಳದ ಮೇಲೆ ಚಾಕಲೇಟಿನ ಚಿತ್ರ, ಅದರ ಕೆಳಗೆ ದಪ್ಪ ಇಂಗ್ಲಿಷಿನಲ್ಲಿ ‘ಸಕ್ಕರೆ ಸೇರಿಸಿಲ್ಲ’ ಎಂಬ ಮಾತು. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದ ನನಗೂ ಅಷ್ಟು ಇಂಗ್ಲಿಷ್ ಬರುತ್ತದೆ. ಒಂದೇ ಸಲಕ್ಕೆ ಪಾಸಾದವನಾಗಿದ್ದರೆ ಡಬ್ಬಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರವನ್ನೂ ಪೂರ್ತಿ ಓದುತ್ತಿದ್ದೆನೋ ಏನೋ.

ಸಿಹಿಯ ಚಟ ನನಗೆ ಇಂದಿನದಲ್ಲ. ಇಳಕಲ್ಲಿನಲ್ಲಿ ನಮ್ಮಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ ಕಾಲದಲ್ಲಿ ಮನೆಗೆ ಸಕ್ಕರೆ ಬರುತ್ತಿದ್ದದ್ದು ಬೀಗರು ಬಂದಾಗ ಮಾತ್ರ. ಆದರೆ ಪಂಚಮಿಗೆ ಉಂಡಿ ಕಟ್ಟುತ್ತಿದ್ದರು. ಶೇಂಗಾದ ಉಂಡಿ, ಎಳ್ಳಿನ ಉಂಡಿ, ಪುಟಾಣಿ ಉಂಡಿ. ಅವ್ವ ಅವನ್ನು ಗಡಿಗೆಯಲ್ಲಿ ತುಂಬಿ ನೆಲುವಿಗೆ ತೂಗುಬಿಡುತ್ತಿದ್ದಳು. ಹಾಸಿಗೆಯ ಸುರುಳಿಯ ಮೇಲೆ ಹತ್ತಿದರೆ ನನ್ನ ಕೈ ಗಡಿಗೆಯ ಕಂಠಕ್ಕೆ ಸರಿಯಾಗಿ ಸಿಗುತ್ತಿತ್ತು. ಉಂಡಿ ಕಡಿಮೆಯಾದದ್ದನ್ನು ಕಂಡು ಅವ್ವ ಕೇಳಿದರೆ, ‘ಇರಬಿ ತಿಂದಾವು’ ಎನ್ನುತ್ತಿದ್ದೆ. ಅವ್ವ ನನ್ನ ಬಾಯಿಯ ಅಂಚಿನಲ್ಲಿ ಅಂಟಿದ ಎಳ್ಳನ್ನು ನೋಡಿ, ‘ಹೌದಪಾ, ಈ ವರ್ಷದ ಇರಬಿ ಭಾಳ ದೊಡ್ಡವದಾವ’ ಎಂದು ಸುಮ್ಮನಾಗುತ್ತಿದ್ದಳು. ಅವಳು ಅಂದೇ ಎರಡು ಬಿಗಿದಿದ್ದರೆ ಚೆನ್ನಾಗಿತ್ತು. ತಿನ್ನುವುದು ನಾನು, ಹೆಸರು ಇನ್ನೊಬ್ಬರದು ಎಂಬ ರೂಢಿ ಅಲ್ಲಿಗೇ ನಿಲ್ಲುತ್ತಿತ್ತು.

ಮಗ್ಗದ ಕುಣಿಗೆ ನಾನು ಇಳಿಯಲಿಲ್ಲ. ನಲವತ್ತು ವರ್ಷ ಸೀರೆಯ ಅಂಗಡಿಯ ಗಾದಿಯ ಮೇಲೆ ಕೂತೆ. ಕೂತು ತಿಂದವನಿಗೆ ಬರಬೇಕಾದದ್ದು ಬಂತು. ನಮ್ಮಲ್ಲಿ ಅದನ್ನು ಕಾಯಿಲೆ ಎನ್ನುವುದಿಲ್ಲ; ‘ಶುಗರ್ ಬಂದೈತಿ’ ಎನ್ನುತ್ತೇವೆ, ಊರಿಂದ ಅಳಿಯ ಬಂದ ಹಾಗೆ. ಬಾಗಲಕೋಟೆಯ ಡಾಕ್ಟರ್ ಮೇಡಮ್ ಗುಳಿಗೆ ಬರೆದುಕೊಟ್ಟು, ‘ಅನ್ನ ಕಡಿಮಿ ಮಾಡ್ರಿ, ರೊಟ್ಟಿ ಎರಡಕ್ಕ ನಿಲ್ಲಿಸ್ರಿ, ಅಡ್ಡಾಡ್ರಿ’ ಎಂದಿದ್ದರು. ಇಷ್ಟು ಸರಳವಾದ ಮಾತಿನ ಮೇಲೆ ಯಾರಿಗೆ ನಂಬಿಕೆ ಬರುತ್ತದೆ? ನಾನು ಮೊಬೈಲಿನಲ್ಲಿ ಇನ್ನೊಬ್ಬ ಗುರುವನ್ನು ಹುಡುಕಿಕೊಂಡೆ. ಸಣ್ಣ ಗಡ್ಡದವನು, ಕೈ ಬೀಸುತ್ತ ಮಾತನಾಡುವವನು. ಅವನ ಪಥ್ಯಕ್ಕೆ ಲೋ ಕಾರ್ಬ್ ಎಂದು ಹೆಸರು. ಜೋಳ ಬಿಡು, ಗೋಧಿ ಬಿಡು, ಅಕ್ಕಿ ಬಿಡು. ತುಪ್ಪ ತಿನ್ನು, ಪನೀರು ತಿನ್ನು, ಕಾಯಿಪಲ್ಲೆ ತಿನ್ನು.

‘ರೊಟ್ಟಿ ಬಿಟ್ಟು ಪುಂಡಿಪಲ್ಲೆ ಹೆಂಗ ತಿಂತೀರಿ?’ ಎಂದು ಹೆಂಡತಿ ಕೇಳಿದಳು. ‘ಚಮಚದಲೆ ತಿಂತೀರೇನ, ಔಷಧದಂಗ?’

ಅದಕ್ಕೂ ಗುರು ದಾರಿ ಹೇಳಿದ್ದ. ಅಗಸಿ, ಬದಾಮು ಬೀಸಿದ ಹಿಟ್ಟಿನಿಂದ ರೊಟ್ಟಿ ಮಾಡಬಹುದಂತೆ. ನಾನು ಹುಬ್ಬಳ್ಳಿಯಿಂದ ಹಿಟ್ಟು ತರಿಸಿದೆ.

ಹಿಟ್ಟು ತರಿಸುವುದು ನನ್ನ ಕೆಲಸ. ರೊಟ್ಟಿ ಬಡಿಯುವುದು ನಮ್ಮ ಮನೆಗೆ ಬರುತ್ತಿದ್ದ ಹೆಣ್ಣುಮಗಳ ಕೆಲಸ. ಹೆಂಡತಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ ವರ್ಷದಿಂದ ಆಕೆ ಬರುತ್ತಿದ್ದಳು. ನಮ್ಮ ಓಣಿಯ ನಾಲ್ಕು ಮನೆಗೆ ಆಕೆಯದೇ ರೊಟ್ಟಿ. ಗಂಡ ಪವರ್‌ಲೂಮಿನಲ್ಲಿ ನಿಂತು ನಿಂತು ಮೊಣಕಾಲು ಕೆಡಿಸಿಕೊಂಡಿದ್ದ. ಮನೆ ನಡೆಯುತ್ತಿದ್ದದ್ದು ಆಕೆಯ ಅಂಗೈಯಿಂದ. ಬೆಳಗ್ಗೆ ಏಳಕ್ಕೆ ನಮ್ಮ ಅಡುಗೆಮನೆಯಿಂದ ಆ ಪಟಪಟ ಸದ್ದು ಬರುತ್ತಿತ್ತು. ರೊಟ್ಟಿ ಮಾಡುವವಳಿಗೆ ನಮ್ಮ ಕಡೆ ಹಿಟ್ಟಿನ ಡಬ್ಬಿಯನ್ನೇ ಒಪ್ಪಿಸಿಬಿಡುತ್ತಾರೆ. ಎಷ್ಟು ತೆಗೆದಳು, ಎಷ್ಟು ಉಳಿಸಿದಳು ಎಂದು ಯಾರೂ ಇಣುಕಿ ನೋಡುವುದಿಲ್ಲ. ನೋಡಿದರೆ ಅದು ಆಕೆಗೆ ಬೈದದ್ದಕ್ಕಿಂತ ಹೆಚ್ಚು. ಅದೊಂದು ನಂಬಿಕೆ ಇದ್ದರೆ ಆಕೆಗೆ ನಾಲ್ಕು ಮನೆ. ಇಲ್ಲದಿದ್ದರೆ ಒಂದೂ ಇಲ್ಲ.

ಅಗಸಿಯ ಹಿಟ್ಟನ್ನು ಮೊದಲ ದಿನ ಬೆರಳಲ್ಲಿ ಉಜ್ಜಿ ನೋಡಿ ಆಕೆ ನಕ್ಕಳು. ‘ಕಾಕಾರ, ಇದು ದನಕ್ಕ ಹಾಕೂದಲ್ರಿ?’

‘ದನಕ್ಕ ಶುಗರ್ ಬರೂದಿಲ್ಲ ನೋಡವಾ, ಅದಕ್ಕ’ ಎಂದೆ.

ಮೊದಲ ದಿನದ ರೊಟ್ಟಿ ಭಾರತದ ನಕ್ಷೆಯ ಹಾಗೆ ರಾಜ್ಯ ರಾಜ್ಯವಾಗಿ ಒಡೆಯಿತು. ಎರಡನೇ ದಿನದ್ದು ಹೆಂಚಿಗೆ ಅಂಟಿ ಏಳಲೇ ಇಲ್ಲ. ನಾನು ಕೈಬಿಟ್ಟೆ. ಆಕೆ ಬಿಡಲಿಲ್ಲ. ನೀರು ಕುದಿಸಿ ಹಾಕಿದಳು, ಮುಚ್ಚಿಟ್ಟಳು, ಹಳೆಯ ಸೀರೆಯ ತುಂಡನ್ನು ಒದ್ದೆ ಮಾಡಿ ಅದರ ಮೇಲೆ ತಟ್ಟಿದಳು. ವಾರ ಕಳೆಯುವಷ್ಟರಲ್ಲಿ ಅಗಸಿಯ ರೊಟ್ಟಿ ಹೆಂಚಿನ ಮೇಲೆ ಜೋಳದ ರೊಟ್ಟಿಯ ಹಾಗೆ ಪುಗ್ಗೆಯಾಗಿ ಉಬ್ಬಿತು. ಹೆಂಡತಿಗೂ ಪಕ್ಕದಲ್ಲಿ ಕೂಡಿಸಿಕೊಂಡು ತೋರಿಸಿದಳು: ‘ನೀರ ಕುದಿಬೇಕ್ರಿ ಅಕ್ಕಾರ, ಬರೇ ಬಿಸಿ ಆದ್ರ ಸಾಲೂದಿಲ್ಲ. ಕುದಿ ಬಿದ್ರ ಅಗಸಿ ತಾನ ಜಿಗಿ ಬಿಡತೈತಿ.’

ಇಷ್ಟಾದ ಮೇಲೆ ಹೊಟ್ಟೆ ತುಂಬಿತು, ಬಾಯಿ ತುಂಬಲಿಲ್ಲ. ಆಗ ಬಂದದ್ದು ಈ ಡಬ್ಬಿ.

ಔಷಧದ ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದರು. ಮನೆಗೆ ತಂದು, ಗುರು ಕಲಿಸಿದ ಹಾಗೆ ಲೆಕ್ಕ ಮಾಡಿದೆ. ಡಬ್ಬಿಯ ಹಿಂದೆ ಒಟ್ಟು ಕಾರ್ಬು ಇಷ್ಟು ಎಂದಿರುತ್ತದೆ. ಅದರ ಕೆಳಗೆ ಶುಗರ್ ಆಲ್ಕೋಹಾಲ್ ಇಷ್ಟು ಎಂದಿರುತ್ತದೆ. ಶುಗರ್ ಆಲ್ಕೋಹಾಲ್ ಮೈಗೆ ಹತ್ತುವುದಿಲ್ಲ, ಅದನ್ನು ಒಟ್ಟಿನಲ್ಲಿ ಕಳೆಯಿರಿ ಎಂದಿದ್ದ ಗುರು. ಕಳೆದೆ. ಉಳಿದದ್ದು ಏನೂ ಇಲ್ಲವೆನ್ನುವಷ್ಟು. ಗಣಿತದಲ್ಲೇ ಫೇಲಾಗಿದ್ದ ನನಗೆ ಒಂದು ಕಳೆಯುವ ಲೆಕ್ಕ ಅಷ್ಟು ಸುಖ ಕೊಟ್ಟದ್ದು ಅದೇ ಮೊದಲು.

ಹೆಂಡತಿ ಡಬ್ಬಿಯನ್ನು ದೂರ ಹಿಡಿದು ಓದಿದಳು. ‘ಆಲ್ಕೋಹಾಲ್ ಅಂತ ಬರದಾರಲ್ರೀ! ಕೊರಳಾಗ ಲಿಂಗ ಕಟಗೊಂಡು ಸೆರೆ ತಿಂತೀರೇನ?’

‘ಅದು ಸೆರೆ ಅಲ್ಲಲೇ. ಸಿಹಿ ಇರತೈತಿ, ಆದ್ರ ಸಕ್ರಿ ಅಲ್ಲ. ವಿಜ್ಞಾನ ಅದು, ನಿನಗ ತಿಳಿಯೂದಿಲ್ಲ.’

ತಿಳಿಯದವಳು ಒಂದೂ ತಿನ್ನಲಿಲ್ಲ. ತಿಳಿದವನು ಮುಂಜಾನೆ ರೊಟ್ಟಿಯಾದ ಮೇಲೆ ಆರು, ಸಂಜೆ ಚಹಾದ ಜೊತೆ ಐದು ತಿನ್ನತೊಡಗಿದೆ. ಲೆಕ್ಕದ ಪ್ರಕಾರ ನಾನು ಏನನ್ನೂ ತಿನ್ನುತ್ತಿರಲಿಲ್ಲ.

ಹತ್ತು ದಿನಕ್ಕೆ ಎರಡು ತೊಂದರೆ ಶುರುವಾದವು. ಒಂದು ಹೊಟ್ಟೆಯದು. ಅದರ ಬಗ್ಗೆ ಹೆಚ್ಚು ಬರೆಯುವ ಹಾಗಿಲ್ಲ. ಯಾರದೋ ಮನೆಯ ಶಿವಪೂಜೆಗೆ ಹೋಗಿ ಎಲ್ಲರೂ ಕಣ್ಣು ಮುಚ್ಚಿ ಕೂತಾಗ ನನ್ನ ಹೊಟ್ಟೆ ಒಂದೇ ಸಮನೆ ಗುಡುಗಿತು. ಪಕ್ಕದವರು ಕಣ್ಣು ತೆರೆದು ಆಕಾಶದ ಕಡೆ ನೋಡಿದರು. ನಾನೂ ನೋಡಿದೆ. ಇನ್ನೊಂದು ತೊಂದರೆ ರಕ್ತದ್ದು. ಬೆರಳು ಚುಚ್ಚಿ ನೋಡುವ ಮಷೀನು ಮನೆಯಲ್ಲಿತ್ತು. ಮುಂಜಾನೆ ರೊಟ್ಟಿ ತಿಂದು ಎರಡು ತಾಸಿಗೆ ನೋಡಿದರೆ ಇನ್ನೂರರ ಮೇಲೆ. ಮರುದಿನವೂ ಇನ್ನೂರರ ಮೇಲೆ. ಜೋಳ ತಿನ್ನುತ್ತಿದ್ದ ದಿನಗಳಲ್ಲಿ ಕೂಡ ಅಷ್ಟು ಬಂದಿರಲಿಲ್ಲ.

ಅಷ್ಟರಲ್ಲಿ ಬಾದಾಮಿಯಲ್ಲಿ ಸಂಬಂಧಿಕರ ಮನೆಯ ತೊಟ್ಟಿಲು ಕಾರ್ಯ ಬಂತು. ಹೋದೆ. ಹೋಳಿಗೆ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದೆ, ಅನ್ನಕ್ಕೂ ಅಡ್ಡ ಹಿಡಿದೆ. ಪಲ್ಲೆ, ಕೋಸಂಬರಿ, ಮೊಸರು ತಿಂದು, ‘ಏನ್ ಮನಸ್ಸಿನ ಗಟ್ಟಿ ಐತ್ರೀ ನಿಮ್ದು!’ ಎಂದು ಹೊಗಳಿಸಿಕೊಂಡೆ. ಎರಡು ತಾಸಿಗೆ ಮಷೀನು ತೆಗೆದು ನೋಡಿದೆ: ನೂರಾ ಮೂವತ್ತು. ಹೊಟ್ಟೆಯೂ ಶಾಂತ. ಬಸ್ಸಿನಲ್ಲಿ ಮರಳುವಾಗ ಪತ್ತೇದಾರನ ಹಾಗೆ ಯೋಚಿಸಿದೆ. ಮನೆಯಲ್ಲಿ ತಿಂದು ಇಲ್ಲಿ ತಿನ್ನದೇ ಇದ್ದದ್ದು ಯಾವುದು? ರೊಟ್ಟಿ! ಗಡಿಬಿಡಿಯಲ್ಲಿ ಡಬ್ಬಿಯನ್ನು ಮನೆಯಲ್ಲೇ ಮರೆತು ಬಂದಿದ್ದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆಯಬೇಕು? ಅದನ್ನು ಆಗಲೇ ಕಳೆದುಬಿಟ್ಟಿದ್ದೆನಲ್ಲ.

ಮರುದಿನ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಆಕೆ ಹೆಂಚಿನ ಮುಂದೆ ಕೂತಿದ್ದಳು. ರೊಟ್ಟಿ ಉಬ್ಬಿತ್ತು. ನನಗೆ ಆ ಉಬ್ಬೇ ಸಾಕ್ಷಿಯಾಗಿ ಕಂಡಿತು. ಇಂಥ ಹಿಟ್ಟಿನಿಂದ ಇಷ್ಟು ಚೆಂದದ ರೊಟ್ಟಿ ಸಾಧ್ಯವೇ ಇಲ್ಲ. ಇದರಲ್ಲಿ ಜೋಳ ಇರಲೇಬೇಕು. ಜೋಳ ಇದ್ದರೆ ಬದಾಮಿನ ಹಿಟ್ಟು ಎಲ್ಲಿ ಹೋಗುತ್ತಿದೆ?

‘ಇದರಾಗ ಜ್ವಾಳ ಎಷ್ಟ ಹಾಕೀದಿ?’ ಎಂದೆ.

‘ಜ್ವಾಳ? ಇಲ್ಲಲ್ರೀ ಕಾಕಾರ. ನಿಮ್ಮ ರೊಟ್ಟಿಗೆ ಹಿಟ್ಟ ನಾದೂ ಕೊಣಮಿಗಿ ಸೈತ ಬ್ಯಾರೆ ಇಟ್ಟೇನಿ.’

‘ಜ್ವಾಳ ಇಲ್ಲದ ಇಂಥಾ ರೊಟ್ಟಿ ಆಗೂದಿಲ್ಲವಾ. ನಾ ಏನ್ ಸಣ್ಣ ಹುಡುಗ ಅಲ್ಲ. ಬದಾಮಿನ ಹಿಟ್ಟು ಡಬ್ಬ್ಯಾಗ ಲಗೂ ಲಗೂ ಇಳೀತೈತಿ. ಅದು ಎಲ್ಲಿ ಹೊಂಟೈತಿ, ಅಷ್ಟ ಹೇಳು.’

ಪಕ್ಕದ ಮನೆಯ ಹೆಣ್ಣುಮಗಳು ಮೊಸರಿಗೆ ಹೆಪ್ಪು ಕೇಳಲು ಬಂದವಳು ಬಟ್ಟಲು ಹಿಡಿದು ಅಲ್ಲೇ ನಿಂತಿದ್ದಳು. ಹೆಂಡತಿ, ‘ಏನ್ ಮಾತಾಡ್ತೀರಿ ನೀವು?’ ಎಂದು ನನ್ನ ತೋಳು ಹಿಡಿದಳು. ರೊಟ್ಟಿ ಮಾಡುತ್ತಿದ್ದಾಕೆ ಮಾತ್ರ ನನ್ನನ್ನು ನೋಡಲಿಲ್ಲ. ಹೆಂಚಿನ ಮೇಲಿನ ರೊಟ್ಟಿಯನ್ನು ನೋಡಿದಳು. ಅದು ಹೊತ್ತುವುದರೊಳಗೆ ತಿರುವಿ ಹಾಕಿದಳು, ಬೇಯಿಸಿ ಬುಟ್ಟಿಗೆ ಇಟ್ಟಳು, ಒಲೆ ಆರಿಸಿದಳು. ಆಮೇಲೆ ಕೇಳಿದಳು:

‘ಹಂಗಾರ ನಾಳಿಂದ ಕೆಟ್ಟ ರೊಟ್ಟಿ ಮಾಡ್ಲೇನ್ರಿ ಕಾಕಾರ? ಆವಾಗ ನಂಬ್ತೀರಿ?’

ಆಕೆ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು ಹೋದಳು. ಮತ್ತೆ ಬರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಮನೆಯ ಮಾತಾಗುತ್ತಿತ್ತು. ನಾನು ಸಂಜೆ ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ನನ್ನ ಪತ್ತೇದಾರಿಕೆಯನ್ನು ವಿವರಿಸಿದೆ. ಕಳ್ಳಿ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಬರದ ಹಾಗೆ ನೋಡಿಕೊಂಡೆ. ‘ಹಿಟ್ಟಿನ ಡಬ್ಬಿ ಮ್ಯಾಲೆ ಒಂದ್ ಕಣ್ಣ ಇಡ್ರಪಾ’ ಎಂದೆ, ಅಷ್ಟೆ. ಓಣಿಯ ಉಳಿದ ಮೂರು ಮನೆಯವರೂ ಕಣ್ಣಿಟ್ಟರು. ಒಬ್ಬರು ಆಕೆಯ ಎದುರಿಗೇ ಹಿಟ್ಟು ಅಳೆದು ಕೊಟ್ಟರಂತೆ. ತಿಂಗಳೊಳಗೆ ಆಕೆ ಮೂರು ಮನೆಯನ್ನೂ ಬಿಟ್ಟು, ಗಂಡನನ್ನು ಕರೆದುಕೊಂಡು ತವರೂರಾದ ಗುಡೂರಿಗೆ ಹೋದಳು.

ಆಕೆ ಹೋದ ಮೇಲೆ ರೊಟ್ಟಿ ನಿಂತಿತು. ಸಕ್ಕರೆ ಇಳಿಯಲಿಲ್ಲ. ಕೊನೆಗೆ ಹೆಂಡತಿಯೇ ನನ್ನನ್ನು ಬಾಗಲಕೋಟೆಗೆ ಕರೆದುಕೊಂಡು ಹೋದಳು. ನನಗೆ ಹೇಳದೆ ಕೈಚೀಲದಲ್ಲಿ ಡಬ್ಬಿಯನ್ನೂ ಇಟ್ಟುಕೊಂಡಿದ್ದಳು.

ಡಾಕ್ಟರ್ ಮೇಡಮ್ ಡಬ್ಬಿ ತಿರುಗಿಸಿ, ಕನ್ನಡಕ ಏರಿಸಿ ಓದಿದರು. ‘ಇವನ್ನ ದಿನಾ ಎಷ್ಟ ತಿಂತೀರಿ?’

‘ಒಂದೆರಡ್ರಿ.’

‘ಮುಂಜಾನಿ ಆರು, ಸಂಜಿಕ ಐದು’ ಎಂದಳು ಹೆಂಡತಿ, ಗೋಡೆಯ ಕಡೆ ನೋಡುತ್ತ.

‘ಇದರಾಗ ಸಕ್ರಿ ಇಲ್ರಿ ಮೇಡಮ್. ಇರೂದು ಶುಗರ್ ಆಲ್ಕೋಹಾಲ್. ಅದನ್ನ ಕಳದ್ರ ಏನೂ ಉಳಿಯೂದಿಲ್ರಿ.’

‘ಯಾರು ಕಳದವ್ರು?’

‘ಮೊಬೈಲಿನಾಗ ಹೇಳಿದ್ರು, ನಾ ಕಳದೆ.’

‘ನೀವು ಹಾಳಿ ಮ್ಯಾಲೆ ಕಳದ್ರಿ. ಹೊಟ್ಟಿ ಕಳೀಲಿಲ್ಲ’ ಎಂದರು ಅವರು. ಆಮೇಲೆ ಬಿಡಿಸಿ ಹೇಳಿದರು. ಶುಗರ್ ಆಲ್ಕೋಹಾಲುಗಳೆಲ್ಲ ಒಂದೇ ಅಲ್ಲ. ಎರಿಥ್ರಿಟಾಲ್ ಎಂಬುದೊಂದಿದೆ, ಅದು ರಕ್ತದ ಸಕ್ಕರೆಯನ್ನು ಮುಟ್ಟುವುದಿಲ್ಲವೆಂದೇ ಹೇಳಬೇಕು. ಬಹುಪಾಲು ಮೂತ್ರದಲ್ಲಿ ಹೋಗಿಬಿಡುತ್ತದೆ. ನನ್ನ ಡಬ್ಬಿಯಲ್ಲಿದ್ದದ್ದು ಮಾಲ್ಟಿಟಾಲ್. ಅದು ಸಕ್ಕರೆಯಷ್ಟು ಏರಿಸದಿದ್ದರೂ ಏರಿಸುತ್ತದೆ. ಒಂದಕ್ಕೆ ಸ್ವಲ್ಪ, ಹನ್ನೊಂದಕ್ಕೆ ಚೆನ್ನಾಗಿಯೇ. ಜೀರ್ಣವಾಗದೆ ಉಳಿದ ಭಾಗ ಕರುಳಿನಲ್ಲಿ ಹುಳಿತು ಗಾಳಿಯಾಗುತ್ತದೆ, ಭೇದಿಯೂ ಆಗುತ್ತದೆ. ‘ನೋಡ್ರಿ, ಹೆಚ್ಚ ತಿಂದ್ರ ಭೇದಿ ಆಗತೈತಿ ಅಂತ ಇಲ್ಲೇ ಬರದಾರ’ ಎಂದು ಉಗುರಿನಿಂದ ತೋರಿಸಿದರು. ಆಗ ನನಗೆ ಪೊರೆ ಇತ್ತು. ಓದಿದಂತೆ ತಲೆಯಾಡಿಸಿದೆ.

‘ಹಂಗಾರ ಜ್ವಾಳ?’ ಎಂದು ಹೆಂಡತಿ ಮೆಲ್ಲಗೆ ಕೇಳಿದಳು.

‘ಯಾವ ಜ್ವಾಳ?’ ಎಂದರು ಮೇಡಮ್.

ಹೆಂಡತಿ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು ಎದ್ದಳು.

ಮೋಸ ಹೋದೆ ಎಂದು ಆ ಡಬ್ಬಿಯವರನ್ನು ಬೈಯಬೇಕೆನಿಸಿತು. ಆದರೆ ಯಾವ ಬಾಯಿಂದ ಬೈಯಲಿ? ಸೀರೆಯ ಅಂಗಡಿಯಲ್ಲಿ ನಲವತ್ತು ವರ್ಷ ನಾನು ಮಾಡಿದ್ದೂ ಇದನ್ನೇ. ರೇಷ್ಮೆಯ ಹಾಗೆ ಹೊಳೆಯುವ ಕೃತಕ ನೂಲಿಗೆ ನಮ್ಮಲ್ಲಿ ಚಮಕಾ ಎನ್ನುತ್ತಾರೆ. ಹಳ್ಳಿಯಿಂದ ಬಂದವಳು ಚಮಕಾದ ಸೀರೆ ಹಿಡಿದು, ‘ಖರೆ ರೇಷ್ಮಿ ಹೌದಲ್ರಿ ಅಣ್ಣಾರ?’ ಎಂದರೆ ನಾನು, ‘ಹೊಳಪ ನೋಡ್ರಲ್ಲ ಯವ್ವಾ’ ಎನ್ನುತ್ತಿದ್ದೆ. ರೇಷ್ಮೆ ಎಂದು ಒಂದು ದಿನವೂ ಹೇಳಿದವನಲ್ಲ. ಡಬ್ಬಿಯವರೂ ಸಕ್ಕರೆ ಸೇರಿಸಿಲ್ಲ ಎಂದರೇ ಹೊರತು ಸಕ್ಕರೆ ಏರುವುದಿಲ್ಲ ಎಂದಿರಲಿಲ್ಲ. ನನ್ನ ವಿದ್ಯೆಯನ್ನೇ ನನಗೆ ಮಾರಿದ್ದರು, ನಾನು ಹೊಳಪು ನೋಡಿದ್ದೆ.

ಮರುದಿನ ಬೆಳಗ್ಗೆ ಹೆಂಡತಿ, ಮುರಿದು ಕೂಡಿದ ಅದೇ ಮಣಿಕಟ್ಟಿನಿಂದ, ನೀರು ಕುದಿಸಿ ಅಗಸಿಯ ಹಿಟ್ಟು ಕಲಸಿದಳು. ಒಂದೇ ಒಂದು ರೊಟ್ಟಿ ಮಾಡಿದಳು. ಅದು ಉಬ್ಬಿತು. ಉಬ್ಬಿದ್ದನ್ನು ಹಾಗೆಯೇ ತಂದು ನನ್ನ ತಾಟಿನಲ್ಲಿಟ್ಟಳು. ‘ಆಕಿ ಹೋದ ದಿನದಿಂದ ಜ್ವಾಳದ ಡಬ್ಬಿ ನೀವ ಮುಚ್ಚಿಟ್ಟೀರಿ, ಕೀಲಿ ನಿಮ್ಮ ಕಿಸೆದಾಗ ಐತಿ, ಇದರಾಗ ಜ್ವಾಳ ಎಲ್ಲಿಂದ ಬರಬೇಕು?’ ಎಂದಳು. ‘ತಿನ್ರಿ. ತಿಂದು ಗುಡೂರಿಗೆ ಹೋಗ್ರಿ. ತಪ್ಪಾತು ಅಂದ್ರ ನಿಮ್ಮ ಹಲ್ಲೇನ ಬೀಳೂದಿಲ್ಲ, ಹೆಂಗೂ ಬಿದ್ದಾವು.’

ಹೋದೆ. ತಿಂಗಳು ತಡ ಮಾಡಿ, ಒಂದು ಒಳ್ಳೆಯ ಸೀರೆ ಕಟ್ಟಿಸಿಕೊಂಡು ಹೋದೆ. ಚಮಕಾ ಅಲ್ಲ, ರೇಷ್ಮೆ. ಆಕೆ ಯಾರದೋ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಿ ಬಂದು ಅಂಗಳದಲ್ಲಿ ಕೂತಿದ್ದಳು. ನನ್ನನ್ನು ಕಂಡು ಎದ್ದಳು, ಚಾಪೆ ಹಾಸಿದಳು. ಖಾರದಿಂದ ಬೆರಳು ಕೆಂಪಾಗಿದ್ದವು.

‘ಅಕ್ಕಾರ ಕೈ ಹೆಂಗೈತ್ರಿ?’

‘ಐತಿ, ನಡೀತೈತಿ. ಇಲ್ಲೇ ಒಂದ ಕೆಲಸಿತ್ತು, ಬಂದೆ’ ಎಂದೆ. ಗುಡೂರಿನಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ಚಹಾ ತಂದುಕೊಟ್ಟಳು. ಕುಡಿದೆ; ಸಕ್ಕರೆ ಹಾಕಿರಲಿಲ್ಲ. ‘ನಿಮ್ಮ ಶುಗರ್ ಇಳೀತೇನ್ರಿ?’

‘ಇಳೀತವಾ. ಈಗ ಚಲೋ ಐತಿ.’

ಆಕೆ ನನ್ನ ಮುಖವನ್ನೇ ನೋಡಿ ಕೇಳಿದಳು: ‘ಆವಾಗ ಯಾತರಿಂದ ಏರಿತ್ತಂತ್ರಿ ಕಾಕಾರ?’

ಇಂಥ ಪ್ರಶ್ನೆಯನ್ನು ದೇವರು ಮನುಷ್ಯನಿಗೆ ಎರಡು ಸಲ ಕೇಳಿಸುವುದಿಲ್ಲ. ನಾನು ತಿಂದ ಹನ್ನೊಂದು ಚಾಕಲೇಟುಗಳಿಂದ ಎನ್ನಬೇಕಿತ್ತು, ಅಷ್ಟೆ. ಒಳಗೆ ಹೊರಸಿನ ಮೇಲೆ ಆಕೆಯ ಗಂಡ ಕಾಲು ಚಾಚಿ ಕೂತು ಕೇಳುತ್ತಿದ್ದ. ಎಪ್ಪತ್ತಮೂರು ವಯಸ್ಸಿನ ನಾನು, ರುಮಾಲು ಸರಿಮಾಡಿಕೊಂಡು ಹೇಳಿದೆ: ‘ಏನೋವಾ, ಗುಳಿಗಿ ಹೆಚ್ಚುಕಮ್ಮಿ ಆಗಿತ್ತಂತ.’

‘ಹಂಗ್ರ್ಯಾ’ ಎಂದಳು.

ನಾನು ಸೀರೆಯ ಪೊಟ್ಟಣ ಮುಂದಿಟ್ಟೆ.

‘ಇದು ಯಾತಕ್ರಿ?’

‘ಹಂಗ. ಅಂಗಡ್ಯಾಗ ಉಳದಿತ್ತು.’

ಆಕೆ ಪೊಟ್ಟಣ ಬಿಚ್ಚಲಿಲ್ಲ. ಎರಡೂ ಕೈಯಿಂದ ಎತ್ತಿ ನನ್ನ ಚೀಲದಲ್ಲಿಟ್ಟು, ‘ಉಳದದ್ದು ನಮಗ್ಯಾಕ್ರಿ? ಅಕ್ಕಾರಿಗೆ ಕೊಡ್ರಿ’ ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಬಸ್ಸು ನಾಲ್ಕಕ್ಕೆ ಬರುತ್ತದೆ, ನೆರಳಿರುವ ಕಡೆಯಿಂದ ಹೋಗಿರಿ ಎಂದೂ ಹೇಳಿದಳು.

ಮನೆಗೆ ಬಂದಾಗ ಹೆಂಡತಿ, ‘ಅಂದ್ರೇನು?’ ಎಂದಳು. ‘ಅಂದೆ’ ಎಂದೆ. ಚೀಲದಿಂದ ಸೀರೆ ಹೊರಗೆ ಬಂದದ್ದನ್ನು ನೋಡಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಆ ಮಾತು ಎದ್ದಿಲ್ಲ.

ನನ್ನ ಸಕ್ಕರೆ ಈಗ ಹಿಡಿತದಲ್ಲಿದೆ. ಡಾಕ್ಟರ್ ಮೇಡಮ್ ಮೊದಲೇ ಹೇಳಿದ್ದ ಎರಡು ರೊಟ್ಟಿ ತಿಂದು, ಅಡ್ಡಾಡಿಕೊಂಡಿದ್ದೇನೆ. ಅಡ್ಡಾಡುವಾಗ ಚಹಾದಂಗಡಿ ಸಿಗುತ್ತದೆ. ಹೋದ ವಾರ ಅಲ್ಲೊಬ್ಬರು, ರೊಟ್ಟಿಗೆ ಯಾರನ್ನಾದರೂ ಹಚ್ಚಬೇಕಿತ್ತು ಎಂದರು. ಇನ್ನೊಬ್ಬರು, ‘ನೋಡಿ ಹಚ್ಚಪಾ. ಇವರ ಮನ್ಯಾಗ ಒಬ್ಬಾಕಿ ಹಿಟ್ಟ ಹೊಡೀತಿದ್ಲಲ್ಲ, ಅಂಥಾಕಿ ಗಂಟ ಬಿದ್ದಾಳು’ ಎಂದು ನನ್ನ ಕಡೆ ಕೈ ಮಾಡಿದರು. ಎಲ್ಲರೂ ನನ್ನನ್ನು ನೋಡಿದರು. ನಾನು ಚಹಾದ ಕಪ್ಪು ತುಟಿಗಿಟ್ಟುಕೊಂಡೆ. ಚಹಾ ಆಗಲೇ ಮುಗಿದಿತ್ತು.

ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರಲ್ಲಿ ಇಬ್ಬರಿಗಾದರೂ ಓದುವ ಚಟವಿದೆ. ನಮ್ಮ ಮನೆಯ ಹಿಟ್ಟನ್ನು ಯಾರೂ ಒಂದು ಹಿಡಿಯಷ್ಟೂ ಕದ್ದಿರಲಿಲ್ಲ. ಆ ರೊಟ್ಟಿಯಲ್ಲಿ ಜೋಳ ಇರಲಿಲ್ಲ. ಅದು ಉಬ್ಬಿದ್ದು ಮಾಡಿದವಳ ಕೈಗುಣದಿಂದ. ನನ್ನ ಸಕ್ಕರೆ ಏರಿದ್ದು ನನ್ನ ಬಾಯಿಂದ, ಆಕೆಯ ನಾಲ್ಕು ಮನೆ ಹೋದದ್ದೂ ಅದೇ ಬಾಯಿಂದ. ಆಕೆಯ ಎದುರಿಗೆ ಕೂತು ಹೇಳುವ ಮಾತನ್ನು ಹೀಗೆ ದೂರದಿಂದ ಬರೆದರೆ ಕ್ಷಮೆ ಕೇಳಿದ ಹಾಗಾಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ಕಟ್ಟೆಯ ಮೇಲಿನವರು ಇನ್ನು ಮುಂದೆ ‘ಒಬ್ಬಾಕಿ’ ಎನ್ನುವುದು ಬೇಡ. ಆಕೆಯ ಹೆಸರು ನೀಲವ್ವ.